ಕಾಯಿಲೆ ಬರುವ ಮೊದಲೇ ಊರಿನ ಪರಿಚಯ ಇರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಸಾಂಕ್ರಾಮಿಕ ರೋಗದ ಕಾಲದಲ್ಲಿ ಜನರ ಜೊತೆ ನಿಲ್ಲುವುದಕ್ಕೆ ಎಂಥ ತರಬೇತಿ ಬೇಕು ಎಂದು ಕೇಳಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಈಗ್ಯಾಕೆ ಈ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಕೋವಿಡ್ ತುರ್ತುಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2023ರ ಮೇ 5ರಂದು. ಆಮೇಲೆ ಎಲ್ಲರಿಗೂ ಮರೆಯುವ ಅವಸರ. ಆದರೆ ಕಲಿಯೋಕೆ ಸಮಯ ಸಿಗೋದು ಕಾಯಿಲೆ ಇಲ್ಲದಾಗ ಮಾತ್ರ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎರಡನೇ ವರ್ಷದಲ್ಲಿದ್ದೇನೆ. ಕೇಸ್ ವರ್ಕ್, ಗ್ರೂಪ್ ವರ್ಕ್, ಸಮುದಾಯ ಸಂಘಟನೆ ಎಲ್ಲ ಓದಿದ್ದೇವೆ. ಫೀಲ್ಡ್ ವರ್ಕ್ ಕೂಡ ಇದೆ. ಆದರೆ ನಾಳೆ ಕೋವಿಡ್ ಥರದ್ದು ಮತ್ತೊಂದು ಬಂದರೆ ಎಲ್ಲಿಂದ ಶುರುಮಾಡಬೇಕು ಅಂತ ಗೊತ್ತಿಲ್ಲ. ಈಗ ಏನು ಕಲಿತರೆ ಒಳ್ಳೆಯದು?
— ವಿದ್ಯಾರ್ಥಿನಿ, ಹಾಸನ

ನಿಮ್ಮ ಫೀಲ್ಡ್ ವರ್ಕ್ ಯಾವ ಹಳ್ಳಿಯಲ್ಲಿದೆಯೋ ಆ ಹಳ್ಳಿಯನ್ನು ಕಲಿಯಿರಿ. ಸುಮ್ನೆ ಹೇಳುವ ಮಾತಲ್ಲ ಇದು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ ಬಸ್ಸಿರಲಿಲ್ಲ. ಊರಿನ ಬಾಗಿಲಿಗೆ ಮುಳ್ಳು ಹಾಕಿ ಹೊಸಬರನ್ನು ತಡೆಯುತ್ತಿದ್ದರು. ಆಗ ಕೈಗೆ ಬಂದವರು ಮೊದಲೇ ಊರಿನ ಬಳಕೆ ಇದ್ದವರು. ಫೋನ್ ಮಾಡಿದರೆ ಸಾಕು, 'ಕೊನೇ ಮನೆ ಅಜ್ಜಿಗೆ ಬಿಪಿ ಮಾತ್ರೆ ಮುಗಿದಿದೆ' ಎಂದು ಹೇಳಬಲ್ಲವರು. ಜ್ವರ ಹಬ್ಬಿದ ಮೇಲೆ ಫೈಲ್ ಹಿಡಿದುಕೊಂಡು ಪರಿಚಯಕ್ಕೆ ಹೋದರೆ ಯಾರೂ ಬಾಗಿಲು ತೆಗೆಯುವುದಿಲ್ಲ.

ನಾನು ಈ ಕೆಲಸ ಕಲಿತದ್ದು ಅರಕಲಗೂಡು ಕಡೆಯ ತಂಬಾಕಿನ ಹಳ್ಳಿಗಳಲ್ಲಿ. ಅಂಗನವಾಡಿ ಮುಂದೆ ಹೆಂಗಸರನ್ನು ಕೂರಿಸಿ, ರಂಗೋಲಿ ಪುಡಿ ಕೊಟ್ಟು, ಊರಿನ ನಕ್ಷೆ ಬಿಡಿಸಲು ಹೇಳುತ್ತಿದ್ದೆವು. ನೀವೂ ಮಾಡಿ ನೋಡಿ. ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾರಿಗೆ ನಡೆಯಲು ಆಗುವುದಿಲ್ಲ, ಯಾರು ಬಸುರಿ, ಯಾರಿಗೆ ರೇಷನ್ ಕಾರ್ಡ್ ಇಲ್ಲ, ಡಯಾಲಿಸಿಸ್‌ಗೆ ಪ್ಯಾಟೆಗೆ ಹೋಗುವವರು ಯಾರು ಎಂದು ಕೇಳಿ. ಹೆಂಗಸರಿಗೆ ಇದೆಲ್ಲ ಬಾಯಲ್ಲೇ ಇರುತ್ತದೆ. ಆದರೆ ಒಂದು ಎಚ್ಚರ. ಟಿಬಿ ಮಾತ್ರೆ ನುಂಗುವವರು, ಎಚ್‌ಐವಿ ಇರುವವರು, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಇವರ ಮನೆಗಳನ್ನು ಆ ನಕ್ಷೆಯಲ್ಲಿ ಗುರುತಿಸಬಾರದು. ಹತ್ತು ಜನರ ಎದುರು ಕೇಳಲೂ ಬಾರದು. ಅವರ ವಿಷಯ ಆಶಾ ಕಾರ್ಯಕರ್ತೆಗೆ, ಆರೋಗ್ಯ ಕೇಂದ್ರಕ್ಕೆ ಗೊತ್ತಿರುತ್ತದೆ. ಲಾಕ್‌ಡೌನ್ ಆದರೂ ಅವರಿಗೆ ಔಷಧಿ ತಪ್ಪದಂತೆ ಏನು ವ್ಯವಸ್ಥೆ ಇದೆ ಎಂದಷ್ಟೇ ಅಲ್ಲಿ ಕೇಳಿಕೊಳ್ಳಿ. ಟಿಬಿ ಮಾತ್ರೆಯನ್ನು ಕನಿಷ್ಠ 6 ತಿಂಗಳು ಬಿಡದೆ ನುಂಗಬೇಕು. ನಡುವೆ ನಿಂತರೆ ಕಾಯಿಲೆ ಔಷಧಿಗೆ ಬಗ್ಗದಂತೆ ಆಗಬಹುದು.

ಇನ್ನೊಂದು ವಿಷಯವನ್ನು ಕ್ಲಾಸಿನಲ್ಲಿ ಕಡಿಮೆ ಹೇಳುತ್ತಾರೆ. ಕುಡಿತ. 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ನಮ್ಮಲ್ಲಿ ಮದ್ಯದಂಗಡಿ ಮುಚ್ಚಿದ್ದವು. ಸದ್ಯ, ಇನ್ನಾದರೂ ಬಿಡುತ್ತಾರೆ ಎಂದು ಎಷ್ಟೋ ಹೆಂಗಸರು ದೇವರಿಗೆ ಕೈಮುಗಿದರು. ಆದರೆ ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ದಿಢೀರನೆ ನಿಂತರೆ ಪ್ರಾಣಕ್ಕೇ ಕುತ್ತು. ಮೊದಲು ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಎರಡು ಮೂರು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಇಲ್ಲದ್ದು ಕಾಣುತ್ತದೆ, ಎದುರಿಗಿರುವವರು ಯಾರು ಎಂದು ತಿಳಿಯುವುದಿಲ್ಲ. ಮನೆಯವರು ಗಾಳಿ ಸೋಕಿದೆ ಅಂದುಕೊಳ್ಳುತ್ತಾರೆ. ಪಕ್ಕದ ಮನೆಯವರು ಕೊರೊನಾ ಅಂದುಕೊಳ್ಳುತ್ತಾರೆ. ಇವರನ್ನು ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಈ ಲಕ್ಷಣ ಗುರುತಿಸಲು ಬಂದರೆ ನೀವು ಒಂದು ಜೀವ ಉಳಿಸಬಹುದು.

ಮಾತಾಡುವ ಕಲೆಗೆ ಬರೋಣ. ಮಾನಸಿಕ ಪ್ರಥಮ ಚಿಕಿತ್ಸೆ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಕೈಪಿಡಿ ತಂದಿದೆ. ನೋಡು, ಕೇಳು, ಜೋಡಿಸು ಎಂಬ ಮೂರು ಹೆಜ್ಜೆ ಅದರಲ್ಲಿದೆ. ಅದಕ್ಕೆ ಡಾಕ್ಟರೇ ಆಗಬೇಕಿಲ್ಲ. ಎದುರಿಗಿರುವವರು ಹೇಳಿದಷ್ಟು ಕೇಳಬೇಕು, ಕೆದಕಬಾರದು. 'ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತೆ' ಎಂದು ಸುಳ್ಳು ಭರವಸೆ ಕೊಡಬಾರದು. ನಮ್ಮ ವಿದ್ಯಾರ್ಥಿಗಳು ನೋಡುವುದು, ಕೇಳುವುದು ಬೇಗ ಕಲಿಯುತ್ತಾರೆ. ಸೋಲುವುದು ಮೂರನೆಯದರಲ್ಲಿ. ಜೋಡಿಸಬೇಕಾದರೆ ಯಾವ ಬಾಗಿಲು ಎಲ್ಲಿದೆ ಅಂತ ಗೊತ್ತಿರಬೇಕಲ್ವಾ? ಒಂದು ಉದಾಹರಣೆ ಕೊಡುತ್ತೇನೆ. 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ಎಂದಾಯಿತು. ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರ್ಕಾರ 1 ಲಕ್ಷ ಘೋಷಿಸಿತು. ಅನಾಥರಾದ ಮಕ್ಕಳಿಗೆ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500. ಪಾಸಿಟಿವ್ ಬಂದ 30 ದಿನದೊಳಗೆ ತೀರಿಕೊಂಡರೆ, ಆಸ್ಪತ್ರೆಯ ಹೊರಗೆ ಸತ್ತರೂ ಅದು ಕೋವಿಡ್ ಸಾವೇ ಎಂಬ ನಿಯಮವೂ ಬಂತು. 'ಮನೆಗೆ ಬಂದ ಮೇಲೆ ಹೋದರು, ನಮಗೆಲ್ಲಿ ಸಿಗುತ್ತೆ' ಎಂದು ಅರ್ಜಿಯನ್ನೇ ಹಾಕದೆ ಕೂತ ಮನೆಯವರನ್ನು ನಾನು ಕಂಡಿದ್ದೇನೆ. ಆ ಒಂದು ಸಾಲಿನ ನಿಯಮ ಗೊತ್ತಿರುವ ಒಬ್ಬ ಕಾರ್ಯಕರ್ತೆ ಆ ಬೀದಿಯಲ್ಲಿ ಇದ್ದಿದ್ದರೆ ಸಾಕಿತ್ತು.

ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಲವು ನಂಬರ್ ಬರೆದಿಡಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಇದು 2022ರ ಅಕ್ಟೋಬರ್‌ನಿಂದ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಮಕ್ಕಳಿಗೆ 1098. ಹೆಂಗಸರಿಗೆ 181. ವಯಸ್ಸಾದವರಿಗೆ 14567. ಬರೆದಿಟ್ಟರೆ ಸಾಲದು, ಒಮ್ಮೆ ನೀವೇ ಫೋನ್ ಮಾಡಿ ಹೇಗೆ ಉತ್ತರ ಬರುತ್ತದೆ ಎಂದು ತಿಳಿದುಕೊಳ್ಳಿ.

ಪ್ರಶ್ನೆ: 2020ರಲ್ಲಿ ಮುಂಬೈಯಿಂದ ನಮ್ಮೂರಿನವರು ವಾಪಸ್ ಬಂದಾಗ ದೊಡ್ಡ ಜಗಳ ಆಯಿತು. ಊರೊಳಗೆ ಬಿಡಬೇಡಿ ಅಂತ ಒಂದು ಗುಂಪು. ಅವರದೇ ಅಪ್ಪ ಅಮ್ಮ ಇನ್ನೊಂದು ಕಡೆ. ಎರಡು ಮನೆಯವರು ಇವತ್ತಿಗೂ ಮಾತಾಡುವುದಿಲ್ಲ. ಪಂಚಾಯಿತಿಯಿಂದ ಯುವಕರಿಗೆ ತರಬೇತಿ ಕೊಡಿಸಬೇಕು ಅಂತಿದ್ದೇವೆ. ಏನು ಹೇಳಿಕೊಡಬೇಕು?
— ಗ್ರಾಮ ಪಂಚಾಯಿತಿ ಸದಸ್ಯರು, ಚನ್ನರಾಯಪಟ್ಟಣ ತಾಲ್ಲೂಕು

ನಿಮ್ಮ ತಾಲ್ಲೂಕಿಗೆ ಈ ನೋವು ಬೇರೆಯವರಿಗಿಂತ ಜಾಸ್ತಿ ಗೊತ್ತು. 2020ರ ಮೇ ತಿಂಗಳವರೆಗೆ ಹಾಸನ ಜಿಲ್ಲೆಯಲ್ಲಿ ಒಂದೂ ಪ್ರಕರಣ ಇರಲಿಲ್ಲ. ಮೊದಲು ಕಾಣಿಸಿಕೊಂಡದ್ದು ಮುಂಬೈಯಿಂದ ಬಂದವರಲ್ಲಿ. ಅಷ್ಟು ಸಾಕಾಯಿತು, 'ಬಾಂಬೆಯವರು' ಎಂದರೆ ರೋಗ ಎಂದಾಗಿಬಿಟ್ಟಿತು. ಹೋಟೆಲಲ್ಲಿ ದುಡಿದು ಊರಿನ ಜಾತ್ರೆಗೆ, ದೇವಸ್ಥಾನಕ್ಕೆ ದುಡ್ಡು ಕಳಿಸಿದ ಮಕ್ಕಳೇ ಅವರು.

ತರಬೇತಿಯ ಮೊದಲ ದಿನ ಮಾಸ್ಕ್, ಸ್ಯಾನಿಟೈಸರ್ ಬೇಡ. ಊರಿನ ಹಿರಿಯರನ್ನು ಕರೆಸಿ. ಪ್ಲೇಗ್ ಮಾರಿ ಬಂದಾಗ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಅವರು ತಮ್ಮ ಹಿರಿಯರಿಂದ ಕೇಳಿರುತ್ತಾರೆ. ದೂರ ಇರುವುದು ನಮ್ಮ ಜನಕ್ಕೆ ಹೊಸದಲ್ಲ. ಆಗ ಎಲ್ಲರೂ ಹೊರಗೆ ಹೋದರು. ಈ ಸಲ ಕೆಲವರನ್ನು ಮಾತ್ರ ಹೊರಗಿಟ್ಟೆವು. ಜಗಳ ಹುಟ್ಟಿದ್ದು ಅಲ್ಲಿ. ಯುವಕರ ಜೊತೆ ಇದನ್ನೇ ಕೂತು ಮಾತಾಡಿ. ಬಂದವರು ಹೇಳುವುದನ್ನೂ ಕೇಳಿ. ಕೈ ಮೇಲೆ ಸೀಲ್ ಹಾಕಿಸಿಕೊಂಡು ಹಾಸ್ಟೆಲಿನಲ್ಲಿ 14 ದಿನ ಕೂತವರಿಗೆ ಹೇಗನ್ನಿಸಿತು ಎಂದು ಯಾರೂ ಇವತ್ತಿನವರೆಗೂ ಕೇಳಿಲ್ಲ ಅಂದುಕೊಂಡಿದ್ದೇನೆ.

ಎರಡನೇ ದಿನ ಕಾಗದದ ಕೆಲಸ. ಮತ್ತೆ ಇಂಥದ್ದು ಬಂದರೆ ಹೊರಗಿನಿಂದ ಬಂದವರು ಎಲ್ಲಿ ಇರಬೇಕು? ಶಾಲೆಯಲ್ಲಾದರೆ ಶೌಚಾಲಯಕ್ಕೆ ನೀರು ಇದೆಯಾ? ಅಡುಗೆ ಯಾರು ಮಾಡುತ್ತಾರೆ, ಮಾಡಿದ್ದನ್ನು ಎಲ್ಲರೂ ಉಣ್ಣುತ್ತಾರಾ? ಈ ಪ್ರಶ್ನೆ ಮುಜುಗರದ್ದು, ಆದರೂ ಕೇಳಲೇಬೇಕು. ಒಂದು ಮನೆಯವರೆಲ್ಲ ಕ್ವಾರಂಟೈನ್ ಆದರೆ ಅವರ ಹಸು ಯಾರು ಕರೆಯುತ್ತಾರೆ, ಡೈರಿಗೆ ಹಾಲು ಯಾರು ಹಾಕುತ್ತಾರೆ? ಜನ ಜ್ವರ ಮುಚ್ಚಿಡುವುದು ಎಷ್ಟೋ ಸಲ ಕಟ್ಟಿದ ದನದ ಚಿಂತೆಗೆ. ಇದನ್ನೆಲ್ಲ ಗ್ರಾಮಸಭೆಯಲ್ಲಿ ಓದಿ, ಒಪ್ಪಿಗೆ ಪಡೆದು ಬರೆದಿಡಿ. ಸ್ವಯಂಸೇವಕರು ಪ್ರತಿ ಕೇರಿಯಿಂದಲೂ ಇರಲಿ. ಅರ್ಧದಷ್ಟು ಹೆಣ್ಣುಮಕ್ಕಳಿರಲಿ. ಒಂದೇ ಬೀದಿಯ ಹುಡುಗರ ಕೈಗೆ ಸೀಟಿ ಮತ್ತು ದೊಣ್ಣೆ ಕೊಟ್ಟರೆ ಅದು ಕಾವಲಾಗುತ್ತದೆ, ಸೇವೆ ಆಗುವುದಿಲ್ಲ.

ಮೈಕಿನಲ್ಲಿ ರೋಗಿಯ ಹೆಸರು ಕೂಗಬಾರದು, ವಾಟ್ಸಾಪ್ ಗುಂಪಿಗೆ ಹಾಕಬಾರದು ಎಂದು ಬಿಡಿಸಿ ಹೇಳಿಕೊಡಿ. ಮನೆ ಬಾಗಿಲಿಗೆ ಪೋಸ್ಟರ್ ಅಂಟಿಸುವುದನ್ನು, ಅಧಿಕಾರ ಇರುವವರ ವಿಶೇಷ ಆದೇಶ ಇಲ್ಲದೆ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ.

ಆ ಎರಡು ಮನೆಯವರ ವಿಷಯ. ಪಂಚಾಯಿತಿ ಕಟ್ಟೆಗೆ ಕರೆಸಿ ರಾಜಿ ಮಾಡಿಸಲು ಹೋಗಬೇಡಿ, ಮತ್ತೆ ತಪ್ಪು ಯಾರದು ಎಂಬಲ್ಲಿಗೆ ಬರುತ್ತದೆ. ಇಬ್ಬರಿಗೂ ಬೇಕಾದ ಒಬ್ಬರು ಬೇರೆ ಬೇರೆಯಾಗಿ ಮನೆಗೆ ಹೋಗಿ ಕೂರಲಿ. ಆವತ್ತು ನಿಮಗೆ ಯಾವುದರ ಭಯ ಇತ್ತು ಎಂದು ಕೇಳಲಿ.

ಪ್ರಶ್ನೆ: ನಾನು ಬಿ.ಎ. ಮಾಡಿದ್ದೇನೆ. ಸಮಾಜಸೇವೆ ಮಾಡಲು ಎಂ.ಎಸ್.ಡಬ್ಲ್ಯೂ ಆಗಲೇಬೇಕಾ? ಕಾಲೇಜಿಗೆ ಹೋಗಲು ಆಗುವುದಿಲ್ಲ.
— ಕಡೂರು

ಸ್ವಯಂಸೇವಕರಾಗಲು ಬೇಕಿಲ್ಲ. ಕೆಲಸಕ್ಕೆ ಸೇರಲು ಬೇಕಾಗಬಹುದು. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಅಂಚೆ ಮೂಲಕ ಎಂ.ಎಸ್.ಡಬ್ಲ್ಯೂ ಇದೆ, ಫೀಲ್ಡ್ ವರ್ಕ್ ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ, ತಪ್ಪಿಸಿಕೊಳ್ಳಲೂ ಬೇಡಿ. ಅಲ್ಲಿಯವರೆಗೆ ರೆಡ್ ಕ್ರಾಸ್‌ನ ಪ್ರಥಮ ಚಿಕಿತ್ಸೆ ತರಬೇತಿ ಮಾಡಿಕೊಳ್ಳಿ.

ಪ್ರಶ್ನೆ: 2021ರ ಮೇನಲ್ಲಿ ನಮ್ಮ ಅತ್ತೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮುಖ ನೋಡಲು ಬಿಡಲಿಲ್ಲ. ಹಾಲುತುಪ್ಪ, ತಿಥಿ ಯಾವುದೂ ನೆಂಟರನ್ನು ಕರೆದು ಮಾಡಲಾಗಲಿಲ್ಲ. ಮಾವ ಈಗಲೂ ಆ ಮಾತು ಬಂದರೆ ಎದ್ದು ತೋಟಕ್ಕೆ ಹೋಗಿಬಿಡುತ್ತಾರೆ. ಇಂಥವರ ಹತ್ತಿರ ಹೇಗೆ ಮಾತಾಡಬೇಕು ಅಂತ ಯಾರಾದರೂ ಕಲಿಸುತ್ತಾರಾ?
— ಗೃಹಿಣಿ, ಅರಸೀಕೆರೆ

ಕಲಿಸುತ್ತಾರೆ, ಆದರೆ ಸಾಲದು. ನಿಮ್ಮ ಪತ್ರ ಓದಿ ನನಗೆ ಸಂಕಟವಾಯಿತು. ಸಿಟ್ಟೂ ಬಂತು. ಯಾಕೆಂದರೆ ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನಲ್ಲೇ ಕೊಟ್ಟ ಸೂಚನೆಯಲ್ಲಿ, ಚೀಲದ ಜಿಪ್ ಸರಿಸಿ ಮನೆಯವರಿಗೆ ಕೊನೇ ಸಲ ಮುಖ ತೋರಿಸಬಹುದು ಎಂದಿತ್ತು. ದೇಹ ಮುಟ್ಟದೆ ಮಂತ್ರ ಹೇಳುವುದು, ತೀರ್ಥ ಚಿಮುಕಿಸುವುದು ಮಾಡಬಹುದು ಎಂದೂ ಇತ್ತು. ಎರಡನೇ ಅಲೆಯ ಗಡಿಬಿಡಿಯಲ್ಲಿ, ಭಯದಲ್ಲಿ ಎಷ್ಟೋ ಕಡೆ ಅದು ನಡೆಯಲಿಲ್ಲ. ಶವಾಗಾರದ ಬಾಗಿಲಲ್ಲಿ ಆ ಸೂಚನೆ ಓದಿಕೊಂಡ ಒಬ್ಬ ಸಮಾಜ ಕಾರ್ಯಕರ್ತರು ನಿಂತಿರಬೇಕಿತ್ತು. ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಬಂದಾಗ ಜನ ಶವ ಬಚ್ಚಿಟ್ಟು ರಾತ್ರಿ ಹೂಳುತ್ತಿದ್ದರು, ಅದರಿಂದ ರೋಗ ಇನ್ನೂ ಹಬ್ಬಿತು. 2014ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಕ್ರಮ ತಂದಿತು. ಮನೆಯವರನ್ನು ಕೇಳಿ, ಅವರ ಪ್ರಾರ್ಥನೆಗೆ ಜಾಗ ಕೊಟ್ಟು, ಗೌರವದಿಂದ ಮಣ್ಣು ಮಾಡುವ ಕ್ರಮ ಅದು. ನಮ್ಮ ತರಬೇತಿಗಳಲ್ಲಿ ಇದು ಒಂದು ಪೂರ್ತಿ ದಿನದ ಪಾಠ ಆಗಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ.

ಮಾವನವರ ವಿಷಯಕ್ಕೆ ಬರುತ್ತೇನೆ. ಎದ್ದು ಹೋಗುವುದನ್ನು ತಡೆಯಬೇಡಿ. ಎದುರು ಕೂತು ಮಾತಾಡಿಸುವುದಕ್ಕಿಂತ ಜೊತೆಗೆ ಕೆಲಸ ಮಾಡುತ್ತಾ ಮಾತಾಡುವುದು ಗಂಡಸರಿಗೆ ಸುಲಭ. ತೆಂಗಿನಕಾಯಿ ಸುಲಿಯುವಾಗ ನೀವೇ ಅತ್ತೆಯ ಒಂದು ಒಳ್ಳೆ ನೆನಪು ಹೇಳಿ, ಸಾವಿನ ಮಾತು ಬೇಡ. ಅವರು ಒಂದು ಮಾತು ಸೇರಿಸಿದರೆ ಸೇರಿಸಲಿ. ತಪ್ಪಿಹೋದ ಕಾರ್ಯವನ್ನು ಈಗಲೂ ಮಾಡಬಹುದು. ವರ್ಷದ ತಿಥಿಗೋ ಪಿತೃಪಕ್ಷಕ್ಕೋ ಅವತ್ತು ಬರಲಾಗದ ನೆಂಟರನ್ನೆಲ್ಲ ಕರೆಯಿರಿ. ಆವತ್ತು ಬಂದವರು ಅತ್ತರೆ ಅಳಲಿ. ಊಟ ನಿದ್ದೆ ಕೆಟ್ಟಿದ್ದರೆ, ಬದುಕಿ ಏನು ಮಾಡಬೇಕು ಎಂಬ ಮಾತು ಬಾಯಿಂದ ಬಂದರೆ ಮಾತ್ರ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ, ಇಲ್ಲವೇ 14416ಕ್ಕೆ ನೀವೇ ಮೊದಲು ಮಾತಾಡಿ.

ಪ್ರಶ್ನೆ: ನಮ್ಮ ಕಾಫಿ ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರೇ ಜಾಸ್ತಿ. ಕನ್ನಡ ಬರುವುದಿಲ್ಲ. ರೋಗ ಬಂದರೆ ಇವರಿಗೆ ತಿಳಿಸಿ ಹೇಳುವುದು ಹೇಗೆ?
— ತೋಟದ ರೈಟರ್, ಮೂಡಿಗೆರೆ ತಾಲ್ಲೂಕು

ಭಾಷೆಗಿಂತ ಮೊದಲು ಕೂಲಿ. ಜ್ವರ ಅಂದರೆ ಕೂಲಿ ಹೋಗುತ್ತದೆ ಎಂದಾದರೆ ಯಾವ ಭಾಷೆಯಲ್ಲಿ ಹೇಳಿದರೂ ಜ್ವರ ಮುಚ್ಚಿಡುತ್ತಾರೆ. ಹಣ್ಣು ಕುಯ್ಯುವ ಕಾಲದಲ್ಲಂತೂ ಕೇಳುವುದೇ ಬೇಡ. ಪ್ರತ್ಯೇಕ ಇರುವ ದಿನಗಳಿಗೆ ಎಷ್ಟು ಕೊಡುತ್ತೀರಿ ಎಂದು ಸಾಹುಕಾರರ ಹತ್ತಿರ ಈಗಲೇ ಮಾತಾಡಿಡಿ. ಲೈನಿನಲ್ಲಿ ಒಂದೇ ಕೋಣೆ, ಹೊರಗೆ ಒಂದೇ ನಲ್ಲಿ, ನಾಲ್ಕು ಮನೆಗೆ ಒಂದು ಶೌಚಾಲಯ. ಅಲ್ಲಿ 'ಮನೆಯಲ್ಲೇ ಪ್ರತ್ಯೇಕ ಇರಿ' ಎಂಬ ಮಾತಿಗೆ ಅರ್ಥವಿಲ್ಲ. ಖಾಲಿ ಇರುವ ಒಂದೆರಡು ಮನೆಗಳನ್ನು ಗುರುತಿಸಿಡಿ.

ಭಾಷೆಗೆ ದಾರಿ ಅವರಲ್ಲೇ ಇದೆ. ಮೇಸ್ತ್ರಿ ಒಬ್ಬನನ್ನೇ ನಂಬಬೇಡಿ, ಅವನ ಲೆಕ್ಕ ಬೇರೆ ಇರುತ್ತದೆ. ಅವರಲ್ಲಿ ಸ್ವಲ್ಪ ಓದಿದ ಒಬ್ಬ ಹೆಂಗಸು, ಒಬ್ಬ ಗಂಡಸನ್ನು ಆರಿಸಿ ಆಶಾ ಕಾರ್ಯಕರ್ತೆಗೆ ಪರಿಚಯ ಮಾಡಿಸಿ. ಹೇಳಬೇಕಾದ್ದನ್ನು ಅವರ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಸಿ ಹಂಚಿ. ಅಸ್ಸಾಮಿನವರು ಎಂದರೂ ಮನೆಯಲ್ಲಿ ಎಲ್ಲರೂ ಅಸ್ಸಾಮಿಯನ್ನೇ ಆಡುವುದಿಲ್ಲ, ಕೆಲವರದು ಬಂಗಾಳಿ, ಕೆಲವರದು ಸಾದ್ರಿ. ಕೇಳಿ ತಿಳಿದುಕೊಳ್ಳಿ. ಇನ್ನೊಂದು ಮಾತು. 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಗೆ 2022ರ ಜೂನ್‌ನಲ್ಲಿ ಅಸ್ಸಾಂ ಕೂಡ ಸೇರಿದೆ. ಅಲ್ಲಿನ ಕಾರ್ಡಿಗೆ ಇಲ್ಲಿ ಅಕ್ಕಿ ಪಡೆಯಬಹುದು. 2020ರಲ್ಲಿ ಅವರಿಗೆ ಈ ಅನುಕೂಲ ಇರಲಿಲ್ಲ. ಒಮ್ಮೆ ನ್ಯಾಯಬೆಲೆ ಅಂಗಡಿಗೆ ಕರೆದುಕೊಂಡು ಹೋಗಿ ಬೆರಳು ಒತ್ತಿಸಿ ನೋಡಿ.

ಪ್ರಶ್ನೆ: ತರಬೇತಿ ಅಂದರೆ ನಮಗೆ ಇನ್ನೊಂದು ಕೆಲಸ ಅಂತಲೇ ಅರ್ಥ. ಮನೆಮನೆ ಸರ್ವೆ ನಾವೇ, ಬೈಸಿಕೊಂಡಿದ್ದೂ ನಾವೇ. ನಮ್ಮ ಸುಸ್ತಿಗೆ ಯಾರು ತರಬೇತಿ ಕೊಡುತ್ತಾರೆ?
— ಆಶಾ ಕಾರ್ಯಕರ್ತೆ, ಬೇಲೂರು ತಾಲ್ಲೂಕು

ನಿಮ್ಮ ಮಾತು ನೂರಕ್ಕೆ ನೂರು ಸರಿ. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಅದು ದೊಡ್ಡ ಮರ್ಯಾದೆ. ಆದರೆ ಅದಕ್ಕೆ ಎರಡು ವರ್ಷ ಮುಂಚೆ, 2020ರ ಜುಲೈನಲ್ಲಿ, ನಮ್ಮ ರಾಜ್ಯದ ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಕೊಡಿ ಎಂದು ಕೆಲಸ ನಿಲ್ಲಿಸಿ ಕೂರಬೇಕಾಯಿತು. ದುಡ್ಡು, ಮಾಸ್ಕ್ ಕೊಡದೆ ಒತ್ತಡ ನಿಭಾಯಿಸುವ ಪಾಠ ಹೇಳುವುದು ಅನ್ಯಾಯ ಎಂದು ನಾನು ನಂಬುತ್ತೇನೆ.

ನಿಮ್ಮ ಮೇಲಿನವರಿಗೆ ತರಬೇತಿ ಬೇಕು. ಸಾಂಕ್ರಾಮಿಕದ ಕಾಲದಲ್ಲಿ ಒಬ್ಬೊಬ್ಬರನ್ನೇ ಮನೆಗಳಿಗೆ ಕಳಿಸಬಾರದು, ಜೋಡಿಯಾಗಿ ಕಳಿಸಬೇಕು. ವಾರಕ್ಕೊಂದು ದಿನ ರಿಜಿಸ್ಟರ್ ಇಲ್ಲದೆ ಕೂತು, ಆ ವಾರ ಮನಸ್ಸಿಗೆ ನಾಟಿದ್ದನ್ನು ಹೇಳಿಕೊಳ್ಳಲು ಬಿಡಬೇಕು. ಇದನ್ನು ನಡೆಸಲು ನಿಮ್ಮ ತಾಲ್ಲೂಕಿನ ಕಾಲೇಜುಗಳ ಸಮಾಜಕಾರ್ಯದ ಮೇಷ್ಟ್ರುಗಳನ್ನು ಕರೆಯಬಹುದು. ಯಾರಾದರೂ ಕೈ ಮಾಡಿದರೆ ಸಹಿಸಿಕೊಂಡು ಬರಬೇಡಿ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆಗಿದೆ. ಸಾಂಕ್ರಾಮಿಕದ ಸಮಯದಲ್ಲಿ ಆರೋಗ್ಯ ಕಾರ್ಯಕರ್ತರ ಮೇಲೆ ಹಲ್ಲೆ ಮಾಡಿದರೆ 3 ತಿಂಗಳಿಂದ 5 ವರ್ಷದವರೆಗೆ ಜೈಲು, ತೀವ್ರ ಗಾಯ ಮಾಡಿದರೆ 7 ವರ್ಷದವರೆಗೆ. ನೀವೂ ಅದರಲ್ಲಿ ಬರುತ್ತೀರಿ.

ಪ್ರಶ್ನೆ: ನಮಗೆ ಕೋವಿಡ್‌ಗಿಂತ ಮಂಗನ ಕಾಯಿಲೆ ಭಯ. ಈ ತರಬೇತಿ ಅದಕ್ಕೂ ಆಗುತ್ತದಾ?
— ಅಡಿಕೆ ಬೆಳೆಗಾರರು, ಕೊಪ್ಪ

ಆಗುತ್ತದೆ, ಒಂದು ವ್ಯತ್ಯಾಸದೊಂದಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಉಣುಗು ಕಚ್ಚುವುದರಿಂದ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಸ್ವಯಂಸೇವಕರು ಮೊದಲು ಹೇಳಬೇಕಾದ್ದು ಇದನ್ನೇ. ಕೋವಿಡ್ ನೋಡಿದ ಮೇಲೆ ಜನ ಜ್ವರ ಬಂದ ಮನೆಯಿಂದಲೇ ದೂರ ಓಡುತ್ತಾರೆ. ಇಲ್ಲಿ ಆ ಮನೆಗೆ ಹೋಗಿ, ಗಂಜಿ ಕೊಟ್ಟು, ಆಸ್ಪತ್ರೆಗೆ ಕರೆದುಕೊಂಡು ಹೋದರೆ ಏನೂ ಆಗುವುದಿಲ್ಲ.

ಕಾಡಿಗೆ ಹೋಗಬೇಡಿ ಎಂದು ಕರಪತ್ರ ಹಂಚಿದರೆ ಉಪಯೋಗ ಕಡಿಮೆ. ದರಗು, ಅಂದರೆ ಉದುರಿದ ಒಣ ಎಲೆ, ತರದಿದ್ದರೆ ಕೊಟ್ಟಿಗೆಗೆ, ಗೊಬ್ಬರಕ್ಕೆ ಏನು ಮಾಡುವುದು, ಸೌದೆಗೆ ಏನು ಮಾಡುವುದು? ಕಾಡಿಗೆ ಹೋಗುವವರು ಯಾರು ಎಂದು ಪಟ್ಟಿ ಮಾಡಿ. ಬಹಳ ಮನೆಗಳಲ್ಲಿ ಕೂಲಿಯ ಹೆಂಗಸರು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಅವರ ಕೈಗೇ ಸಿಗಬೇಕು, ಬಾಟಲಿ ಯಜಮಾನರ ಮನೆಯ ಕಪಾಟಿನಲ್ಲಿ ಉಳಿಯಬಾರದು. ಮೈತುಂಬ ಬಟ್ಟೆ, ವಾಪಸ್ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಹೇಳಬೇಕು. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು. ಹೆಚ್ಚು ಪ್ರಕರಣ ಬರುವುದು ಡಿಸೆಂಬರ್‌ನಿಂದ ಮೇವರೆಗೆ. ಹಾಗಾಗಿ ಸ್ವಯಂಸೇವಕರ ಸಭೆ ದೀಪಾವಳಿ ಮುಗಿದ ವಾರದಲ್ಲೇ ಇಟ್ಟುಕೊಳ್ಳಿ, ಅಡಿಕೆ ಕೊಯ್ಲಿನ ಕೆಲಸದವರಿಗೂ ಬರಲು ಆಗುವಂತೆ ಸಂಜೆ ಹೊತ್ತಿಗೆ.